960 ಪಿಕ್ಸೆಲ್‌ನಿಂದ ಈಚೆಗೆ

2008ರ ಸುಮಾರಿಗೆ ಬೆಂಗಳೂರಿನ ಸಣ್ಣ ವೆಬ್ ಡಿಸೈನ್ ಆಫೀಸುಗಳಲ್ಲಿ ಸಿಎಸ್‌ಎಸ್ ಫ್ರೇಮ್‌ವರ್ಕ್ ಬೇಕೇ ಬೇಡವೇ ಎಂಬ ಮಾತು ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಿಂದಲೇ ಶುರುವಾಗುತ್ತಿತ್ತು. ಎಡಕ್ಕೆ ಫ್ಲೋಟ್ ಮಾಡಿದ ಡಬ್ಬಿಗೆ ಎಡಗಡೆ 10 ಪಿಕ್ಸೆಲ್ ಮಾರ್ಜಿನ್ ಕೊಟ್ಟರೆ ಅದು 20 ತೋರಿಸುತ್ತಿತ್ತು. ಮೂರು ಕಾಲಮ್ಮಿನ ಪುಟವಾದರೆ ಮೂರನೆಯದು ಜಾಗ ಸಾಲದೆ ಕೆಳಗೆ ಬೀಳುತ್ತಿತ್ತು. ‘ಡಿಸ್‌ಪ್ಲೇ ಇನ್‌ಲೈನ್’ ಎಂದು ಒಂದು ಸಾಲು ಸೇರಿಸಿದರೆ ಸರಿಹೋಗುತ್ತಿತ್ತು. ಯಾಕೆ ಸರಿಹೋಯಿತೆಂದು ಹೇಳಬಲ್ಲವರು ಕಡಿಮೆ. ಎಲ್ಲವನ್ನೂ ಕೈಯಾರೆ ಬರೆದ ಆ ಕಾಲವೇ ಚೆನ್ನಾಗಿತ್ತು ಎನ್ನುವವರು ಈಗಲೂ ಸಿಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಡಿಸೈನಿಗೆ ಸಲ್ಲಬೇಕಾದ ಹೊತ್ತು ಬ್ರೌಸರಿನ ತಪ್ಪು ಮುಚ್ಚುವುದರಲ್ಲಿ ಕಳೆದುಹೋಗುತ್ತಿತ್ತು.

ಅದಕ್ಕೇ 2007ರಲ್ಲಿ ಬ್ಲೂಪ್ರಿಂಟ್ ಎಂಬ ಫ್ರೇಮ್‌ವರ್ಕ್, ಮರುವರ್ಷ ನೇಥನ್ ಸ್ಮಿತ್ ಅವರ 960 ಗ್ರಿಡ್ ಬಂದಾಗ ಉಸಿರಾಡಿದಂತಾಯಿತು. 1024 ಪಿಕ್ಸೆಲ್ ಅಗಲದ ಮಾನಿಟರುಗಳ ಕಾಲ ಅದು. 960 ಅದರೊಳಗೆ ಕೂರುತ್ತದೆ, 12ಕ್ಕೂ 16ಕ್ಕೂ ಶೇಷವಿಲ್ಲದೆ ಭಾಗವಾಗುತ್ತದೆ. ಜೊತೆಗೆ ಬರುತ್ತಿದ್ದ ಗ್ರಿಡ್ ಹಾಳೆಯನ್ನು ಪ್ರಿಂಟ್ ತೆಗೆದು, ಪೆನ್ಸಿಲಿನಲ್ಲಿ ಪುಟ ಹಾಕಿಕೊಂಡು, ಆಮೇಲೆ ಕಂಪ್ಯೂಟರಿಗೆ ಕೂರಬಹುದಿತ್ತು.

ಫೋನುಗಳು ಬಂದು ಆ ಅಳತೆಯನ್ನೇ ಅಳಿಸಿದವು. ಈಥನ್ ಮಾರ್ಕಾಟ್ 2010ರಲ್ಲಿ, ಪರದೆಯ ಅಗಲಕ್ಕೆ ತಕ್ಕಂತೆ ಪುಟ ಹೊಂದಿಕೊಳ್ಳುವ ರೆಸ್ಪಾನ್ಸಿವ್ ಡಿಸೈನಿನ ಬಗ್ಗೆ ಬರೆದರು. 2011ರ ಆಗಸ್ಟಿನಲ್ಲಿ ಟ್ವಿಟರಿನ ಮಾರ್ಕ್ ಒಟ್ಟೊ ಮತ್ತು ಜೇಕಬ್ ಥಾರ್ನ್‌ಟನ್ ಬೂಟ್‌ಸ್ಟ್ರ್ಯಾಪ್ ಫ್ರೇಮ್‌ವರ್ಕನ್ನು ಹೊರತಂದರು. ನೋಡನೋಡುತ್ತಲೇ ಎಲ್ಲ ಸೈಟಿಗೂ ಅದೇ ಮೇಲ್ಪಟ್ಟಿ, ಅದೇ ನೀಲಿ ಬಟನ್ನು. ಒಂದೇ ಅಚ್ಚು ಎಂಬ ದೂರು ನಿಜವೇ. ಆದರೂ ಅದನ್ನು ಆರಿಸಿದ್ದಕ್ಕೆ ಗಟ್ಟಿಯಾದ ಕಾರಣವಿತ್ತು: ನಾವು ಬಿಟ್ಟುಹೋದ ಕೆಲಸವನ್ನು ನಾಳೆ ಬಂದವರು ಓದಿ ಮುಂದುವರಿಸಬಲ್ಲವರಾಗಿದ್ದರು. ಕೈಬರಹದ ಸಿಎಸ್‌ಎಸ್‌ನಲ್ಲಿ ಆ ಸೌಕರ್ಯ ಇರಲಿಲ್ಲ.

ಕನ್ನಡ ಸೈಟಿಗೆ ಬಂದಾಗ ಮಾತ್ರ ಅದರ ಇನ್ನೊಂದು ಮುಖ ಕಾಣುತ್ತಿತ್ತು. 2013ರ ಬೂಟ್‌ಸ್ಟ್ರ್ಯಾಪ್ 3ರಲ್ಲಿ ಮಾಮೂಲು ಅಕ್ಷರ 14 ಪಿಕ್ಸೆಲ್, ತಲೆಬರಹದ ಸಾಲಿನೆತ್ತರ ಅಕ್ಷರದ ಅಳತೆಯ 1.1 ಪಟ್ಟು. ಇಂಗ್ಲಿಷಿಗೆ ಅದು ಸಾಕು. ‘ವೈಶಿಷ್ಟ್ಯ’ ಎಂದು ಬರೆದು ನೋಡಿ, ‘ಷ’ಕಾರದ ಬುಡಕ್ಕೆ ಎರಡು ಒತ್ತು ಬರುತ್ತವೆ. ತಲೆಬರಹ ಎರಡು ಸಾಲಿಗೆ ಹರಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಡೆಮೊ ಪುಟದಲ್ಲಿ ಲ್ಯಾಟಿನ್ ಅಕ್ಷರ ನೋಡಿ ಒಪ್ಪಿಕೊಂಡವರಿಗೆ ಇದು ಗೊತ್ತಾಗುತ್ತಿದ್ದುದು ಗಿರಾಕಿ ಪುಟ ತೆರೆದ ಮೇಲೆ.

ಈಗ ಬ್ರೌಸರುಗಳ ಜಗಳ ಹೆಚ್ಚುಕಡಿಮೆ ಮುಗಿದಿದೆ. 2017ರ ಮಾರ್ಚಿನಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡಕ್ಕೂ ಸಿಎಸ್‌ಎಸ್ ಗ್ರಿಡ್ ಬಂತು. 2021ರ ಬೂಟ್‌ಸ್ಟ್ರ್ಯಾಪ್ 5 ಜೆಕ್ವೆರಿಯನ್ನೂ ಹಳೆಯ ಎಕ್ಸ್‌ಪ್ಲೋರರನ್ನೂ ಕೈಬಿಟ್ಟಿತು. ಹೊಸ ಹುಡುಗರು ಟೈಲ್‌ವಿಂಡ್ ಎಂಬ ಇನ್ನೊಂದು ಫ್ರೇಮ್‌ವರ್ಕ್ ಬೇಕೆನ್ನುತ್ತಾರೆ. ಎಚ್‌ಟಿಎಂಎಲ್ ತುಂಬ ಕ್ಲಾಸುಗಳ ಸಾಲು ನೋಡಿ ಹಳಬರು ಮುಖ ಸಿಂಡರಿಸುವುದು ನನಗೆ ಸರಿ ಕಾಣುವುದಿಲ್ಲ. ಯಾವ ಡಬ್ಬಿಗೆ ಏನಾಗುತ್ತಿದೆ ಎಂಬುದು ಅಲ್ಲೇ ಕಣ್ಣಿಗೆ ಬೀಳುತ್ತದೆ, ಬೇರೆ ಫೈಲು ಹುಡುಕಬೇಕಿಲ್ಲ. ಆದರೆ ಅದರ ದೊಡ್ಡ ಅಕ್ಷರದ ಕ್ಲಾಸುಗಳಿಗೆ ಸಾಲಿನೆತ್ತರ ಸರಿಯಾಗಿ 1. ಬೂಟ್‌ಸ್ಟ್ರ್ಯಾಪ್ 3ಕ್ಕಿಂತಲೂ ಕಡಿಮೆ. ಉದ್ದದ ಸಾಲನ್ನು ಮೊಟಕುಗೊಳಿಸುವ ‘ಟ್ರಂಕೇಟ್’ ಹಾಕಿದರೆ ಡಬ್ಬಿಯಿಂದ ಹೊರಗಿಳಿದ ಒತ್ತು ಕತ್ತರಿಸಿಹೋಗುತ್ತದೆ.

ಫಾರ್ಮುಗಳೇ ಹೆಚ್ಚಿರುವ, ಕೈ ಬದಲಾಗುತ್ತಲೇ ಇರುವ ಕೆಲಸಕ್ಕೆ ನಾನು ಈಗಲೂ ಬೂಟ್‌ಸ್ಟ್ರ್ಯಾಪ್ ಎನ್ನುತ್ತೇನೆ. ನಾಲ್ಕೈದು ಪುಟದ ಪತ್ರಿಕೆಯ ಸೈಟಿಗೆ ಬರೀ ಸಿಎಸ್‌ಎಸ್ ಗ್ರಿಡ್ ಸಾಕು, ಫ್ರೇಮ್‌ವರ್ಕ್ ಯಾಕೆ? ಯಾವುದೇ ಇರಲಿ, ಒಪ್ಪಿಕೊಳ್ಳುವ ಮುಂಚೆ ಅದರ ಬಟನ್ನು, ಟೇಬಲ್ಲು, ತಲೆಬರಹಕ್ಕೆಲ್ಲ ನಿಜವಾದ ಕನ್ನಡ ವಾಕ್ಯ ತುಂಬಿ ಅಗ್ಗದ ಫೋನಿನಲ್ಲಿ ತೆರೆಯಬೇಕು. ಸಾಲಿನೆತ್ತರವನ್ನು 1.6ರ ಆಸುಪಾಸಿಗೆ ಏರಿಸುವುದು ಬೂಟ್‌ಸ್ಟ್ರ್ಯಾಪಿನಲ್ಲಿ ಒಂದೆರಡು ವೇರಿಯಬಲ್ಲಿನ ಕೆಲಸ, ಟೈಲ್‌ವಿಂಡಿನಲ್ಲಿ ಥೀಮಿನ ಕೆಲಸ. ಅದನ್ನು ಮೊದಲ ದಿನವೇ ಮಾಡಿಟ್ಟುಕೊಂಡರೆ ಆಮೇಲೆ ಪುಟಪುಟಕ್ಕೂ ಒತ್ತಕ್ಷರ ಸರಿಪಡಿಸುತ್ತ ಕೂರಬೇಕಾಗುವುದಿಲ್ಲ.