ನಿನ್ನೆ ಬಂದಾನ್ರೀ

ಕುಷ್ಟಗಿಯಿಂದ ಗಂಗಾವತಿವರೆಗೆ ಯಾವ ಹೈಸ್ಕೂಲಿನ ರಜೆ ಚೀಟಿಗಳ ಕಟ್ಟು ಬಿಚ್ಚಿದರೂ ಈ ವಾಕ್ಯ ಸಿಕ್ಕೇ ಸಿಗುತ್ತದೆ: ‘ಮೈ ಗ್ರ್ಯಾಂಡ್‌ಮದರ್ ಹ್ಯಾಸ್ ಎಕ್ಸ್‌ಪೈರ್ಡ್ ಯೆಸ್ಟರ್ಡೇ.’ ಇಂಗ್ಲಿಷ್ ಮಾಸ್ತರರು ಅಜ್ಜಿಯ ಸಾವನ್ನು ನಂಬಿಯೋ ನಂಬದೆಯೋ ರಜೆ ಕೊಡುತ್ತಾರೆ, ಆದರೆ ‘ಹ್ಯಾಸ್’ಗೆ ಕೆಂಪು ಶಾಯಿಯ ಸುತ್ತು ಹಾಕದೆ ಬಿಡುವುದಿಲ್ಲ. ನಿನ್ನೆ ಅಂದ ಮೇಲೆ ಪ್ರೆಸೆಂಟ್ ಪರ್ಫೆಕ್ಟ್ ಕೂಡದು, ಸಿಂಪಲ್ ಪಾಸ್ಟೇ ಆಗಬೇಕು. ಹುಡುಗನಿಗೆ ಇದು ತಲೆಗೆ ಹೋಗುವುದಿಲ್ಲ. ನಿನ್ನೆ ಹೋದ ಅಜ್ಜಿ ಇವತ್ತೂ ಇಲ್ಲ. ಮನೆಯಲ್ಲಿ ಇನ್ನೂ ಒಲೆ ಹಚ್ಚಿಲ್ಲ. ಅಷ್ಟರಲ್ಲೇ ಅದನ್ನು ಮುಗಿದ ಸಂಗತಿ ಎಂದು ಬರೆ ಎಂದರೆ ಹೇಗೆ?

ನಾನು ಹುಡುಗನ ಕಡೆ. ಈ ಎರಡು ಕಾಲಗಳ ಭೇದ ತಿಳಿಯದ ಕೂಸು ನಮ್ಮ ಸೀಮೆಯಲ್ಲಿ ಇಲ್ಲ. ‘ಕಾಕಾ ಬಂದಾನ’ ಅಂದರೆ ಕಾಕಾ ಪಡಸಾಲೆಯಲ್ಲಿ ಕೂತಿದ್ದಾನೆ, ಚಹಾಕ್ಕೆ ಇಡಬೇಕು. ‘ಬಂದಿದ್ದ’ ಅಂದರೆ ಬಂದು ಹೋಗಿದ್ದಾಯಿತು, ಹಾಲು ಉಳಿಯಿತು. ಬರೀ ‘ಬಂದ’ ಅಂದರೆ ಕಥೆ ಶುರು: ಬಂದ, ಕೂತ, ಉಂಡ, ಸಾಲ ಕೇಳಿದ. ಅಂಗನವಾಡಿಗೆ ಹೋಗುವ ಮೊದಲೇ ಇಷ್ಟೂ ಬಂದಿರುತ್ತದೆ. ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತ ಇಲ್ಲಿನ ಹಿರಿಯರಿಗೂ ಆಯಾ, ಆಯಾ ಹೈ, ಆಯಾ ಥಾ ಎಂಬ ಮೂರು ಹೊಸದೆನಿಸಿರಲಿಕ್ಕಿಲ್ಲ.

ತಂಟೆ ಇರುವುದು ಒಂದೇ ಕಡೆ. ‘ಕಾಕಾ ನಿನ್ನೆನ ಬಂದಾನ್ರೀ’ ಅನ್ನಲು ನಮಗೆ ಯಾವ ಅಡ್ಡಿಯೂ ಇಲ್ಲ. ಬಂದ ದಿನವೂ ತಿಳಿಯಿತು, ಇನ್ನೂ ಹೊರಟಿಲ್ಲ ಎಂಬುದೂ ತಿಳಿಯಿತು. ಇಂಗ್ಲಿಷಿಗೆ ಈ ಅನುಕೂಲವಿಲ್ಲ. ಕಳೆದುಹೋದ ದಿನವನ್ನೋ ವರ್ಷವನ್ನೋ ಬಾಯಿಬಿಟ್ಟು ಹೇಳಿದ ಗಳಿಗೆಯೇ ಅದು ‘ಹ್ಯಾವ್’ ಅನ್ನು ಕಿತ್ತುಕೊಳ್ಳುತ್ತದೆ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ವರ್ಷ ಹೇಳದಿದ್ದರೆ ‘ಹ್ಯಾಸ್ ಬಿಕಮ್’ ಅನ್ನಬಹುದು, ಹೇಳಿದರೆ ‘ಬಿಕೇಮ್’ ಅಂತಲೇ ಅನ್ನಬೇಕು. ಜಿಲ್ಲೆ ಎಲ್ಲಿಗೂ ಹೋಗಿಲ್ಲ, ಕಚೇರಿ ಇದ್ದಲ್ಲೇ ಇದೆ, ಆದರೂ ಕ್ರಿಯಾಪದ ಮಾತ್ರ ಗತಕಾಲಕ್ಕೆ ಸೇರಬೇಕು. ನನಗಂತೂ ಇದರಲ್ಲಿ ವ್ಯಾಕರಣಕ್ಕಿಂತ ಹಟವೇ ಹೆಚ್ಚು ಕಾಣುತ್ತದೆ. ಆದರೆ ಅವರ ಭಾಷೆ, ಅವರ ಹಟ.

ನಮ್ಮವರು ಕಾಲ ಬದಲಿಸುವುದು ಕ್ಯಾಲೆಂಡರ್ ನೋಡಿಯಲ್ಲ, ಸಂಗತಿಯ ಬಿಸಿ ನೋಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನೇ ನಂಬಿ ಭತ್ತ ಹಚ್ಚುವ ಗಂಗಾವತಿ ಕಡೆಯವರಿಗೆ ಆಗ ಅದು ‘ಗೇಟ್ ಹೋಗೇತಿ’. ಕೂಡಿಟ್ಟ ನೀರು ಕಣ್ಣೆದುರೇ ಹರಿದು ಹೋಗುತ್ತಿತ್ತು. ಎರಡನೇ ಬೆಳೆಗೆ ನೀರು ಉಳಿದೀತೇ ಎಂಬ ಲೆಕ್ಕ ಮನೆಮನೆಯಲ್ಲೂ ನಡೆದಿತ್ತು. ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ಅಲ್ಲಿಂದ ಮುಂದೆ ಅದು ‘ಗೇಟ್ ಹೋಗಿತ್ತು’. ಯಾರೂ ವ್ಯಾಕರಣದ ಪುಸ್ತಕ ತೆಗೆಯಲಿಲ್ಲ.

ನಮ್ಮ ಈ ರೂಪ ಕನ್ನಡದೊಳಗೇ ಎಡವಿಸುವುದೂ ಉಂಟು. ಮೈಸೂರು ಸೀಮೆಯಿಂದ ವರ್ಗವಾಗಿ ಯಲಬುರ್ಗಾಕ್ಕೆ ಬಂದ ಮೇಷ್ಟ್ರು ಕಚೇರಿಗೆ ಹೋಗಿ ಗುಮಾಸ್ತ ಇದ್ದಾರೆಯೇ ಎಂದು ವಿಚಾರಿಸುತ್ತಾರೆ ಎನ್ನಿ. ‘ಬಂದಾರ್ರೀ’ ಎಂದು ಜವಾನ ಹೇಳುತ್ತಾನೆ. ಮೇಷ್ಟ್ರ ಕಿವಿಗೆ ಅದು ‘ಬಂದಾರು’, ಅಂದರೆ ಬರಬಹುದು. ಹೊರಗಿನ ಬೆಂಚಿನ ಮೇಲೆ ಮೇಷ್ಟ್ರು ಕಾಯುತ್ತಾರೆ, ಒಳಗೆ ಗುಮಾಸ್ತರು ಫೈಲು ತಿರುವುತ್ತಿರುತ್ತಾರೆ.

ಇನ್ನೊಂದು ಕೆಂಪು ಸುತ್ತು ಬೀಳುವುದು ‘ಸಿನ್ಸ್’ ಹತ್ತಿರ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂದು ನಮ್ಮ ಪದವೀಧರರು ಸಂದರ್ಶನದಲ್ಲಿ ಹೇಳಿ ಮುಖ ಸಣ್ಣದು ಮಾಡಿಕೊಂಡು ಬರುತ್ತಾರೆ. ‘ಎರಡು ವರ್ಷದಿಂದ ಇಲ್ಲೇ ಅದೀನ್ರಿ’ ಅನ್ನುವ ಬಾಯಿ ಅದು. ಇರುವುದು ಈಗ, ಹಾಗಾಗಿ ವರ್ತಮಾನ. ಇಂಗ್ಲಿಷ್ ಇಲ್ಲಿ ‘ಹ್ಯಾವ್ ಬೀನ್’ ಬೇಕೆನ್ನುತ್ತದೆ. ನಿನ್ನೆಯ ಜೊತೆ ‘ಹ್ಯಾವ್’ ತಂದರೆ ಕಿತ್ತುಕೊಳ್ಳುವವರು, ಬೇಡವೆಂದು ಬಿಟ್ಟ ಕಡೆ ತಂದು ತುರುಕುತ್ತಾರೆ.

ಈ ತಪ್ಪಿಗೆ ನಮ್ಮೂರಲ್ಲಿ ದೊಡ್ಡ ಜೊತೆಗಾರನೊಬ್ಬನಿದ್ದಾನೆ. ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಕಿರುಶಾಸನಗಳಿವೆ. ರಾಲ್ಫ್ ಟರ್ನರ್ ಎಂಬ ವಿದ್ವಾಂಸರು ಇವನ್ನು ಓದಿ 1932ರಲ್ಲಿ ಪ್ರಕಟಿಸಿದರು. ಪಾಲ್ಕಿಗುಂಡಿನದು ಬಹಳ ಸವೆದಿದೆ, ಗವಿಮಠದ್ದು ಓದಲು ಬರುವಂತಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು ಎಂಬ ವಿಷಯದಿಂದಲೇ ದೊರೆ ಮಾತು ತೆಗೆಯುತ್ತಾನೆ. ಅಲ್ಲಿ ಬಳಸಿದ ಕ್ರಿಯಾಪದ ‘ಸುಮಿ’, ಸಂಸ್ಕೃತದ ‘ಅಸ್ಮಿ’. ಅಂದರೆ ‘ಆಗಿದ್ದೇನೆ’ ಎನ್ನುವ ಅಪ್ಪಟ ವರ್ತಮಾನ. ವರ್ಷಗಳ ಲೆಕ್ಕ ಒಂದು ಕಡೆ, ‘ಆಮ್’ ಇನ್ನೊಂದು ಕಡೆ: ಸಂದರ್ಶನದ ಹುಡುಗನ ಇಂಗ್ಲಿಷಿನದೂ ಇದೇ ಕಟ್ಟು. ಇಂಗ್ಲಿಷಿಗೆ ತರುವವರು ಅದನ್ನು ‘ಹ್ಯಾವ್ ಬೀನ್’ ಎಂದು ತಿದ್ದಿಕೊಳ್ಳಬೇಕಾಯಿತು.

ಗೋ-ವೆಂಟ್-ಗಾನ್ ಬಾಯಿಪಾಠ ನಡೆಯಲಿ, ಅದಿಲ್ಲದೆ ಆಗುವುದಿಲ್ಲ. ಆದರೆ ‘ಸಿನ್ಸ್’ ಪಾಠದ ದಿನ ಮಾಸ್ತರರು ಒಂಬತ್ತನೇ ಇಯತ್ತೆಯವರನ್ನು ಕರೆದುಕೊಂಡು ಆ ಬೆಟ್ಟ ಹತ್ತಬಹುದು. ಅಶೋಕನಿಗೆ ಎಷ್ಟು ಮಾರ್ಕ್ಸ್ ಕೊಡುತ್ತೀರಿ ಸರ್ ಎಂದು ಯಾವನಾದರೂ ಕೇಳಿದರೆ ಉತ್ತರ ಅವರೇ ಹುಡುಕಿಕೊಳ್ಳಲಿ.