ಕರಿಹಲಗೆಯ ಕರಾವಳಿ

ಇಪ್ಪತ್ತೆಂಟು ವರ್ಷಗಳಿಂದ ನಾನು ಕರಿಹಲಗೆಯ ಎಡಭಾಗದಲ್ಲಿ ಸೀಮೆಸುಣ್ಣದ ಒಂದು ಗೆರೆ ಎಳೆಯುತ್ತ ಬಂದಿದ್ದೇನೆ. ಕಾರವಾರದಿಂದ ಮಂಗಳೂರಿನ ಕಡೆಗೆ, ಸುಮಾರು 320 ಕಿಲೋಮೀಟರ್, ಕೈ ಎತ್ತದೆ ಒಂದೇ ಎಳೆತ. ಗುಬ್ಬಿಯಲ್ಲಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಹೊಳೆ ಸಮುದ್ರ ಸೇರೋ ಕಡೆ ನೀರು ಸಿಹಿಯಾಗಿರುತ್ತಾ, ಉಪ್ಪಾಗಿರುತ್ತಾ? ನೀವು ನೋಡಿದೀರಾ?" ಎಂದಳು. "ನೋಡಿದೀನಿ, ಉಪ್ಪು, ಕೂತ್ಕೋ" ಎಂದೆ. ಆಗ ನಾನು ಕಂಡಿದ್ದ ದೊಡ್ಡ ನೀರೆಂದರೆ ತವರೂರು ಕುಣಿಗಲ್ಲಿನ ಕೆರೆ. ಜನಪದರು ಹಾಡು ಕಟ್ಟಿದ ಕೆರೆಯೇ ಆದರೂ ಕೆರೆ ಕೆರೆಯೇ ತಾನೆ! ಏಳನೆಯದು ಮುಗಿಯುತ್ತಲೇ ಅವಳನ್ನು ಶಾಲೆ ಬಿಡಿಸಿದರು. ಅವಳ ಪಾಲಿನ ಭೂಗೋಳ ನನ್ನ ಸುಳ್ಳಿನೊಂದಿಗೆ ಮುಗಿದುಹೋಯಿತು.

ಕಳೆದ ಡಿಸೆಂಬರಿನಲ್ಲಿ ಗೋಕರ್ಣದಿಂದ ಹೊನ್ನಾವರದವರೆಗೆ ತೀರ ಹಿಡಿದು ನಡೆಯುವ ತಂಡವೊಂದಕ್ಕೆ ಹೆಸರು ಕೊಟ್ಟಾಗ ಮನೆಯಲ್ಲಿ ಎಲ್ಲರೂ ನನ್ನ ಮಂಡಿಯನ್ನೇ ನೋಡಿದರು. ಹನ್ನೆರಡು ಜನರಲ್ಲಿ ನಾನೇ ಹಿರಿಯಳು. ಮೊದಲ ದಿನದ ನಡಿಗೆ ಗೋಕರ್ಣದಿಂದ ತದಡಿಗೆ, ಅಲ್ಲಿಂದ ದೋಣಿಯಲ್ಲಿ ಅಘನಾಶಿನಿ ಊರಿಗೆ. ಹೊರಡುವ ಮುನ್ನ ತಂಡದ ಮುಂದಾಳು ಹುಡುಗ ಹತ್ತಿರ ಬಂದು, "ಮೇಡಂ, ನೀವು ಆಟೋದಲ್ಲಿ ತದಡಿಗೆ ಬಂದುಬಿಡಿ, ನಾವು ಅಲ್ಲಿ ಸಿಗ್ತೀವಿ" ಎಂದ. ಮರ್ಯಾದೆಯಿಂದಲೇ ಹೇಳಿದ. ಅದಕ್ಕೇ ಹೆಚ್ಚು ನೋವಾಯಿತು. ಮಾತಾಡದೆ ಕ್ಯಾನ್ವಾಸ್ ಬೂಟಿನ ದಾರ ಬಿಗಿದೆ.

ಗೋಕರ್ಣದ ಮರಳು ಮುಗಿದೊಡನೆ ಗುಡ್ಡ. ಅದನ್ನು ಹತ್ತಿ ಇಳಿದರೆ ಕುಡ್ಲೆ ತೀರ. ಮತ್ತೆ ಗುಡ್ಡ, ಮತ್ತೆ ಇಳಿದರೆ ಓಂ ಆಕಾರದ, ಎರಡು ಬಿಲ್ಲು ಜೋಡಿಸಿಟ್ಟಂಥ ತೀರ. ನನ್ನ ಒಂದೇ ಎಳೆತದ ಗೆರೆ ಅಲ್ಲಿಗೇ ಮುರಿಯಿತು. ಘಟ್ಟದ ಬೆಟ್ಟಗಳು ಇಲ್ಲಿ ಸಮುದ್ರದವರೆಗೂ ಕಾಲು ಚಾಚಿವೆ. ಒಂದೊಂದು ಕಾಲಿನ ನಡುವೆ ಒಂದೊಂದು ಮಡಿಲಿನಷ್ಟು ಮರಳು. ಭೂಶಿರ ಎಂಬ ಪದಕ್ಕೆ ಎರಡು ಅಂಕದ ವ್ಯಾಖ್ಯೆ ಬರೆಸುತ್ತಿದ್ದವಳಿಗೆ ಅದನ್ನು ಮಂಡಿಯಿಂದ ಕಲಿಯುವ ಯೋಗ.

ಓಂ ತೀರದಿಂದ ಮುಂದಿನ ದಾರಿ ಬಂಡೆಗಳ ಪಕ್ಕೆಯಲ್ಲಿ. ಎಡಕ್ಕೆ ಮುಳ್ಳುಪೊದೆ, ಬಲಕ್ಕೆ ಬಹಳ ಕೆಳಗೆ ನೊರೆ. ಒಂದು ಕಡೆ ಮಂಡಿ ಮಡಚಲೇ ಒಲ್ಲದಾಯಿತು. ಒಂದು ಕಲ್ಲಿನ ಮೇಲೆ ಕೂತೆ. ಮುಂದೆ ಹೋದವರ ಟೋಪಿಗಳು ತಿರುವಿನಲ್ಲಿ ಮರೆಯಾದವು. ಹಿಂದಕ್ಕೆ ಹೋದರೂ ಇಷ್ಟೇ ದಾರಿ, ಮುಂದಕ್ಕೂ ಅಷ್ಟೇ, ಆಟೋ ಎರಡೂ ಕಡೆಗಿಲ್ಲ. ಆ ಹತ್ತು ನಿಮಿಷ ನನಗೆ ನಿಜವಾಗಿ ಅಳು ಬಂದಿತ್ತು. ಯಾರಿಗೆ ಏನು ತೋರಿಸಬೇಕೆಂದು ಬಂದೆ ಎಂದು ನನ್ನನ್ನೇ ಬೈದುಕೊಂಡೆ. ಕೊನೆಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಹಿಂತಿರುಗಿ ಬಂದಳು. ಸಮಾಧಾನದ ಮಾತೇನೂ ಆಡದೆ ಪಕ್ಕದಲ್ಲಿ ಕೂತು ಅರ್ಧ ಕಿತ್ತಳೆ ಕೊಟ್ಟಳು. ತಿಂದು ಮುಗಿಸಿ, ಆ ಇಳಿಜಾರನ್ನು ಚಿಕ್ಕ ಮಕ್ಕಳಂತೆ ಕೂತೇ ಜಾರಿ ಇಳಿದೆ. ಚೂಡಿದಾರಿನ ಹಿಂಭಾಗ ಹರಿಯಿತು. ದುಪಟ್ಟಾ ಇದ್ದದ್ದು ಅದಕ್ಕೇ ಎಂದುಕೊಂಡೆ.

ಅರ್ಧಚಂದ್ರ, ಪ್ಯಾರಡೈಸ್, ಬೇಲೇಕಾನ ದಾಟಿ ತದಡಿ ತಲುಪುವಾಗ ಮಧ್ಯಾಹ್ನ ಇಳಿದಿತ್ತು. ಮೀನುದೋಣಿಗಳ ನಡುವೆ, ಮೋಟಾರ್ ಸೈಕಲ್ಲುಗಳನ್ನೂ ಏರಿಸಿಕೊಂಡು ನಿಂತಿದ್ದ ದೋಣಿಯಲ್ಲಿ ನಮಗೂ ಜಾಗ ಸಿಕ್ಕಿತು. ನಡುಹೊಳೆಯಲ್ಲಿ ನಾನು ಬಗ್ಗಿ, ಕೈ ಅದ್ದಿ, ಬೆರಳು ನೆಕ್ಕಿದೆ. ಉಪ್ಪು! ಸದ್ಯ, ಹೇಳಿದ್ದು ನಿಜವಾಯಿತು ಎಂದು ಎದೆ ಹಗುರಾಗುವಷ್ಟರಲ್ಲಿ ಎದುರಿಗೆ ಕೂತಿದ್ದ ಬುಟ್ಟಿಯ ಹೆಂಗಸು ನಕ್ಕಳು.

"ಶಾಲೆ ಅಕ್ಕೋರಾ ನೀವು?"

ಹೇಗೆ ಗೊತ್ತಾಯಿತೋ! ಹೌದೆಂದೆ.

"ಮಳೆಗಾಲಕ್ಕೆ ಬಂದು ನೋಡಿ ಅಕ್ಕೋರೇ. ಆವಾಗ ಇದೇ ನೀರು ಸಪ್ಪೆ."

ಹೊಳೆಯ ಬದಿಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ತಾಳಿಕೊಳ್ಳುತ್ತದೆಂದೂ, ಇಳಿತದಲ್ಲಿ ಕೆಸರಿಗಿಳಿದು ಬೆಳಚು ಆರಿಸುತ್ತಾರೆಂದೂ ಅವಳಿಂದಲೇ ಕೇಳಿದೆ. ಇದೇ ಅಳಿವೆಯ ಅಂಚಿನ ಸಾಣಿಕಟ್ಟೆಯಲ್ಲಿ ಉಪ್ಪೂ ಬೆಳೆಯುತ್ತಾರೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನು ಪತ್ರಿಕೆಯಲ್ಲಿ ಓದಿ ತರಗತಿಯಲ್ಲಿ ಹೇಳಿದ್ದೆ, ಆದರೆ ಅದರ ನೀರಿಗೆ ತಿಂಗಳಿಗೊಂದು ರುಚಿ ಎಂಬುದು ನನಗೆ ಹೊಳೆದಿರಲಿಲ್ಲ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟೆಗೆ ಸಿಗದೆ ಬಂದ ಹೊಳೆ ಇದು. ನಮ್ಮ ಶಿಂಷೆಯನ್ನೋ ಕಡಬದ ಕೆರೆಯಲ್ಲೊಮ್ಮೆ, ಮಾರ್ಕೋನಹಳ್ಳಿಯಲ್ಲೊಮ್ಮೆ ತಡೆದು ನಿಲ್ಲಿಸಿದ್ದೇವೆ. ಬಯಲುಸೀಮೆಯವರಿಗೆ ಬೇರೆ ದಾರಿಯಾದರೂ ಏನು? ಅದು ಕಾವೇರಿಯ ಕೈಹಿಡಿದು ಸಮುದ್ರ ಕಾಣಬೇಕು.

ಆ ಹುಡುಗಿ ಈಗ ಗುಬ್ಬಿಯಲ್ಲಿ ಹೂ ಮಾರುತ್ತಾಳೆ. ಊರಿಗೆ ಬಂದ ವಾರವೇ ಹೋಗಿ ಎಲ್ಲ ಹೇಳಿದೆ, ಅಂದು ಸುಳ್ಳಾಡಿದ್ದನ್ನೂ ಸೇರಿಸಿ. ಅವಳಿಗೆ ನೆನಪೇ ಇರಲಿಲ್ಲ.

"ನಾನಾ ಮಿಸ್? ಹಂಗೆ ಕೇಳಿದ್ನಾ?" ಎಂದು ಕಟ್ಟುತ್ತಿದ್ದ ಸೇವಂತಿಗೆ ದಾರ ಸುತ್ತಿದಳು. ಆಮೇಲೆ ತಲೆ ಎತ್ತಿ, "ಹಂಗಾದ್ರೆ ಮಳೆಗಾಲಕ್ಕೆ ಯಾವಾಗ ಹೊರಡ್ತೀರಾ?" ಎಂದಳು.