ಅಪ್ ಅಂಡ್ ಡೌನ್ ಬೇಡ, ಇಲ್ಲೇ ಮನೆ ಮಾಡಿ

ಗೌರಿಬಿದನೂರಿಗೆ ವರ್ಗವಾಗಿದೆ ಎಂದರೆ ಬೆಂಗಳೂರಿನಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: "ಮನೆ ಯಾಕೆ ಮಾಡ್ತೀರಿ, ರೈಲಿದೆಯಲ್ಲ, ಅಪ್ ಅಂಡ್ ಡೌನ್ ಮಾಡಿ." ಬ್ಯಾಂಕಿನವರು, ಮೇಷ್ಟ್ರುಗಳು, ತಾಲ್ಲೂಕು ಕಚೇರಿಯವರು ಎಷ್ಟೋ ಜನ ಹಾಗೇ ಓಡಾಡುತ್ತಾರೆ. ಮಕ್ಕಳ ಶಾಲೆ, ವಯಸ್ಸಾದ ಅಪ್ಪ ಅಮ್ಮ, ಒಬ್ಬೊಬ್ಬರಿಗೆ ಒಂದೊಂದು ಕಾರಣ, ಎಲ್ಲವೂ ನಿಜವೇ. ಆದರೂ ಹೊಸದಾಗಿ ಬರುವವರಿಗೆ ನಾನು ಹೇಳುವುದಿಷ್ಟು: ಒಂದು ವರ್ಷವಾದರೂ ಇಲ್ಲೇ ಇರಿ. ಸಂಜೆಯ ರೈಲು ಹೊರಟ ಮೇಲೆಯೇ ಇಲ್ಲಿನ ಜನ ಬಿಡುವಾಗಿ ಮಾತಿಗೆ ಕೂರುವುದು.

ಬಾಡಿಗೆ ಮನೆ ಕೇಳಲು ಹೋದರೆ ಯಜಮಾನರು "ಮೀದಿ ಏ ಊರು ಸಾರ್?" ಎಂದು ತೆಲುಗಿನಲ್ಲಿ ಶುರುಮಾಡಿ, ಅಡ್ವಾನ್ಸಿನ ಹೊತ್ತಿಗೆ ಕನ್ನಡಕ್ಕೆ ಬಂದಿರುತ್ತಾರೆ. ಆಂಧ್ರದ ಹಿಂದೂಪುರ ಪಕ್ಕದಲ್ಲೇ ಇದೆ. ಎರಡೂ ಭಾಷೆ ಇಲ್ಲಿ ಒಂದೇ ಜಗಲಿಯ ಮೇಲೆ ಕೂತಿವೆ. ನೀವು ಕೇಳಬೇಕಾದದ್ದು ನೀರಿನ ವಿಷಯ. ಉತ್ತರ ಪಿನಾಕಿನಿ ವರ್ಷದ ಬಹುಭಾಗ ಬರೀ ಮರಳು, ಕೊಳವೆಬಾವಿಗಳು ಆಳಕ್ಕೆ ಹೋಗಿವೆ. ಅವರೆಕಾಯಿ ಕಾಲದಲ್ಲಿ ಪಕ್ಕದ ಮನೆಯ ಅಕ್ಕ ಹಿದುಕಿದ ಬೇಳೆ ಸಾರು ಕಳಿಸಿದರಂತೂ ಊರು ನಿಮ್ಮನ್ನು ಸೇರಿಸಿಕೊಂಡಿತು ಎಂದೇ ತಿಳಿಯಿರಿ.

ರಜೆಯ ದಿನ ವಿದುರಾಶ್ವತ್ಥಕ್ಕೆ ಹೋಗಿ, ಹತ್ತಿರವೇ. ವಿದುರ ನೆಟ್ಟದ್ದೆಂದು ಜನ ನಂಬಿದ ಅಶ್ವತ್ಥ ವೃಕ್ಷ 2001ರಲ್ಲಿ ಉರುಳಿತು. ಸುತ್ತಲಿನ ನಾಗರಕಲ್ಲುಗಳು ಮಾತ್ರ ಸಾವಿರಗಟ್ಟಲೆ, ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಒಂದೊಂದರ ಹಿಂದೆಯೂ ಮಗು ಬೇಕೆಂದೋ ಮಗಳ ಮದುವೆಯಾಗಲೆಂದೋ ಹರಕೆ ಹೊತ್ತ ಒಂದು ಮನೆ. ಅವಸರದಲ್ಲಿ ಪ್ರದಕ್ಷಿಣೆ ಮುಗಿಸದೆ ಅಲ್ಲೇ ಇರುವ ಹುತಾತ್ಮರ ಸ್ಮಾರಕ ವೀರಸೌಧಕ್ಕೂ ಹೋಗಿ. 1938ರ ಏಪ್ರಿಲ್ 25ರಂದು ಕಾಂಗ್ರೆಸ್ ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಜನರ ಲೆಕ್ಕದಲ್ಲಿ ಸತ್ತವರು 32. ಸರ್ಕಾರ ಒಪ್ಪಿದ್ದು ಅದಕ್ಕಿಂತ ಕಡಿಮೆ. ಗಾಂಧೀಜಿ ಪಟೇಲರನ್ನೂ ಕೃಪಲಾನಿಯವರನ್ನೂ ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಪಕ್ಕದಲ್ಲಿ ಕಾಂಗ್ರೆಸ್ ಬಾವುಟಕ್ಕೂ ಜಾಗ ಸಿಕ್ಕಿತು. ನಿಮ್ಮ ಕೌಂಟರಿನ ಮುಂದೆ ಪಾಸ್‌ಬುಕ್ ಹಿಡಿದು ನಿಲ್ಲುವ ಅಜ್ಜ ಅಂದು ಗುಂಡಿಗೆ ಬಲಿಯಾದವರ ಮನೆಯವರಿರಬಹುದು. ಇಷ್ಟು ತಿಳಿದ ಮೇಲೆ ಅವರನ್ನು "ನಾಳೆ ಬನ್ನಿ" ಎಂದು ಕಳಿಸಲು ಬಾಯಿ ಬರುವುದಿಲ್ಲ.

ನಗರದಲ್ಲಿ ಮಾಡಲಾಗದ ಕೆಲಸಕ್ಕೆಂದೇ ಇಲ್ಲಿಗೆ ಬಂದವರೂ ಇದ್ದಾರೆ. ಭಾಭಾ ಅಣು ಸಂಶೋಧನಾ ಕೇಂದ್ರದವರು 1965ರಲ್ಲಿ ಇಲ್ಲಿ ಭೂಕಂಪನ ಮಾಪಕಗಳ ಸಾಲು ಹಾಕಿದರು. ದೂರದ ದೇಶದಲ್ಲಿ ನೆಲದಡಿ ಅಣುಸ್ಫೋಟವಾದರೂ ಅದರ ಅದುರು ಹಿಡಿಯುವ ಕೆಲಸ ಅದು. ಲಾರಿ ಬಸ್ಸು ಓಡಾಡುವ ನೆಲದಲ್ಲಿ ನಡೆಯುವಂಥದಲ್ಲ. ಆಮೇಲೆ, 1976ರಲ್ಲಿ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಯವರು ಸೇರಿ ರೇಡಿಯೋ ದೂರದರ್ಶಕ ಕಟ್ಟಿದರು. ಸಾವಿರ ಆಂಟೆನಾಗಳು, ಪೂರ್ವ ಪಶ್ಚಿಮದ ತೋಳೇ 1.4 ಕಿಲೋಮೀಟರು. ಆಕಾಶದಿಂದ ಬರುವ ಕ್ಷೀಣ ಅಲೆಗಳನ್ನು ಕೇಳಬೇಕಾದರೆ ನಗರದ ಗದ್ದಲದಿಂದ ದೂರವಿರಬೇಕು. ಇಲ್ಲಿಗೆ ಬಂದದ್ದು ಹಿಂಬಡ್ತಿ ಎಂದು ಕೊರಗುವವರಿಗೆ ನಾನು ಮೊದಲು ಹೇಳುವುದೇ ಇದನ್ನು.

ಎಚ್. ನರಸಿಂಹಯ್ಯನವರ ಹೊಸೂರೂ ಇದೇ ತಾಲ್ಲೂಕು. 1935ರಲ್ಲಿ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದುಕೊಂಡೇ ಹೋದ ಹುಡುಗ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅವರ ಪ್ರಯತ್ನದಿಂದಲೇ ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬಂದದ್ದು. ಓದಲಿಕ್ಕೆಂದು ಊರು ಬಿಡುವ ಕಷ್ಟವನ್ನು ಅವರು ಕಾಲಿನಿಂದಲೇ ಅಳೆದವರು. ಮೇಷ್ಟ್ರಾಗಿ ಬರುವವರಿಗಂತೂ ನನ್ನ ಒತ್ತಾಯ ಅದಕ್ಕೇ ಹೆಚ್ಚು. ಹಳ್ಳಿಯಿಂದ ಬರುವ ಹುಡುಗರು ತರಗತಿಯಲ್ಲಿ ಕೈಯೆತ್ತಲು ನಾಚುತ್ತಾರೆ. ಅರ್ಥವಾಗದ ಲೆಕ್ಕ ಹಿಡಿದು ಅವರು ಮನೆಗೆ ಬರುವುದು ಸಂಜೆ ಏಳರ ಮೇಲೆ.